ಎರಡು ನಾಯಿಗಳ ನಡುವಿನ ಅಳತೆ

ಆ ಭಾನುವಾರ ತಂಗಿ ಊಟಕ್ಕೆ ಬಂದಿದ್ದಳು. ಬಂಟ್ವಾಳದಿಂದ ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ವೇಣೂರಿಗೆ ಇನ್ನೊಂದು. ಬರುವಾಗ ಪೇಟೆಯಲ್ಲಿ ಇಳಿದು ಬಂಗುಡೆ ಮೀನು ತಂದಿದ್ದಳು. ನಾನು ಮನೆಯ ಎದುರಿನ ಕೋಣೆಯಲ್ಲಿ ಹೊಲಿಯುತ್ತಿದ್ದೆ. ಹೆಂಗಸರ ರವಿಕೆ, ಚೂಡಿದಾರ್, ಶಾಲೆಯ ಯೂನಿಫಾರ್ಮ್ ಹೊಲಿಯುವುದು ನನ್ನ ಕೆಲಸ. ಗಿರಾಕಿಗಳು ಅಂಗಳದ ಕಡೆಯ ಬಾಗಿಲಿನಿಂದ ಬಂದು ಹೋಗುತ್ತಾರೆ. ಯಂತ್ರದ ಕೆಳಗೆ, ಪೆಡಲಿನ ಹಿಂದೆ, ನಮ್ಮ ನಾಯಿ ಬೊಳ್ಳಿ ಮಲಗಿತ್ತು. ಬಿಳಿ ಬಣ್ಣದ ಊರ ಹೆಣ್ಣು ನಾಯಿ. ಆರು ವರ್ಷಗಳಿಂದ ಅದರ ಜಾಗ ಅದೇ. ತುಳಿಯುವಾಗ ನನ್ನ ಹಿಮ್ಮಡಿ ಅದರ ಬೆನ್ನಿಗೆ ತಾಗುತ್ತದೆ. ಅದು ಕದಲುವುದಿಲ್ಲ.

ತಂಗಿ ಒಳಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. ಬೊಳ್ಳಿ ಎದ್ದು ನಮ್ಮಿಬ್ಬರ ನಡುವೆ ತಲೆ ತೂರಿಸಿತು.

"ಇದರ ಹೊಟ್ಟೆಕಿಚ್ಚು ಇನ್ನೂ ಹೋಗ್ಲಿಲ್ವಾ ಅಕ್ಕ?" ಎಂದಳು.

"ನನ್ನನ್ನೇ ಅದು ಪರ್ಮಿಶನ್ ಇದ್ರೆ ಮಾತ್ರ ಒಳಗೆ ಬಿಡುದು" ಎಂದು ಹೊರಗಿನಿಂದ ನನ್ನ ಗಂಡ ಹೇಳಿದರು. ಅವರು ರಿಕ್ಷಾ ತೊಳೆಯುತ್ತಿದ್ದರು.

ಅವಳು ಒಂದು ಕೈಚೀಲ ಕೊಟ್ಟಳು. ಹಸಿರು ರವಿಕೆ ಬಟ್ಟೆ, ಅದರೊಳಗೆ ಸುತ್ತಿಟ್ಟ ಅಳತೆ ರವಿಕೆ. ನಮ್ಮ ಕೆಲಸದಲ್ಲಿ ಹೆಚ್ಚಿನವರು ಮೈಗೆ ಟೇಪು ಹಿಡಿಸುವುದಿಲ್ಲ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆ ತಂದುಕೊಡುತ್ತಾರೆ, ಅದನ್ನು ನೋಡಿ ಹೊಸದನ್ನು ಕತ್ತರಿಸುತ್ತೇವೆ.

"ಮೊನ್ನೆ ಹಾಕಿದ್ದು, ತೊಳೀಲಿಲ್ಲ, ಬೈಬೇಡ. ತೋಳು ಒಂಚೂರು ಸಡಿಲ ಮಾಡು. ಅವಸರ ಇಲ್ಲ."

ಅವಸರವಿಲ್ಲ ಎಂದದ್ದರಿಂದ ಚೀಲವನ್ನು ಯಂತ್ರದ ಹಿಂದಿನ ತಗ್ಗು ಹಲಗೆಯ ಮೇಲೆ, ಉಳಿದ ಚೀಲಗಳ ಕೆಳಗೆ ಇಟ್ಟೆ. ಊಟ ಮಾಡಿ, ಸ್ವಲ್ಪ ಹೊತ್ತು ಮಲಗಿ, ನಾಲ್ಕು ಗಂಟೆಯ ಬಸ್ಸಿಗೆ ಅವಳು ಹೊರಟಳು. ಬಂಟ್ವಾಳದ ಮನೆಯಲ್ಲಿ ಅವಳ ನಾಯಿ ಜೂಲಿ ಕಾಯುತ್ತದೆ ಎಂದಳು.

ಬುಧವಾರ ಬೆಳಿಗ್ಗೆ ಅವಳಿಗೆ ತಲೆನೋವು ಬಂತು. ಮಧ್ಯಾಹ್ನ ಮಂಗಳೂರಿಗೆ ಕರೆದೊಯ್ದರು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಗುರುವಾರ ಅವಳು ಇರಲಿಲ್ಲ. ಅವಳಿಗೆ ಮೂವತ್ತೊಂಬತ್ತು ವರ್ಷ.

ತಂಗಿಯ ಗಂಡ ಗಲ್ಫಿನಲ್ಲಿ ಕೆಲಸದಲ್ಲಿದ್ದವರು. ಅವರಿಗೆ ಮಕ್ಕಳಿರಲಿಲ್ಲ. ಅವರು ಬಂದು ಎಲ್ಲ ಕ್ರಿಯೆ ಮುಗಿಸಿದರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಅವಳ ಬಟ್ಟೆಗಳನ್ನು ಬೇರೆ ಮಾಡಿದರು. ಒಳ್ಳೆಯದನ್ನು ಹಂಚಿದರು, ಉಟ್ಟು ಹಳತಾದದ್ದನ್ನು ಸುಟ್ಟರು. ಅವಳ ಅತ್ತೆ ನನ್ನನ್ನು ಕೇಳಿದರು, "ಅವಳ ಬಟ್ಟೆ ನಿನ್ನ ಹತ್ರ ಎಂತದಾದ್ರೂ ಉಂಟಾ? ಇದ್ರೆ ಈಗ್ಲೇ ಕೊಡು, ಇಟ್ಟುಕೊಳ್ಬಾರ್ದು."

"ಇಲ್ಲ" ಎಂದೆ.

ಅಳತೆ ರವಿಕೆ ನನ್ನ ಹಲಗೆಯ ಮೇಲಿತ್ತು. ನಾನು ಸುಳ್ಳು ಹೇಳುವವಳಲ್ಲ. ಆ ದಿನ ಹೇಳಿದೆ.

ತಂಗಿಯ ಗಂಡ ಮರಳಿ ಹೋಗಬೇಕಿತ್ತು. ಅತ್ತೆ ಮಂಗಳೂರಿನ ಫ್ಲ್ಯಾಟಿಗೆ, ಹಿರಿಯ ಮಗನ ಜೊತೆ. ಅಲ್ಲಿ ನಾಯಿಗೆ ಅವಕಾಶವಿಲ್ಲ. ಬಂಟ್ವಾಳದ ಮನೆಗೆ ಬೀಗ. ಜೂಲಿ ಅಂಗಳದ ಮೂಲೆಯಲ್ಲಿ ಮಲಗಿತ್ತು. ಕಂದು ಮೈ, ಕಪ್ಪು ಮೂತಿ, ನಾಲ್ಕು ವರ್ಷದ ಹೆಣ್ಣು. ಏಳೆಂಟು ದಿನಗಳಿಂದ ಸರಿಯಾಗಿ ತಿಂದಿರಲಿಲ್ಲ.

"ಅಕ್ಕ, ಇದನ್ನು ಎಂತ ಮಾಡುದು?" ಎಂದು ತಂಗಿಯ ಗಂಡ ಕೇಳಿದರು.

"ನಾನು ಕೊಂಡೋಗ್ತೇನೆ" ಎಂದೆ. ಯೋಚಿಸಲಿಲ್ಲ. ಗಂಡನ ಮುಖವನ್ನೂ ನೋಡಲಿಲ್ಲ.

ರಿಕ್ಷಾದಲ್ಲಿ ಜೂಲಿ ನನ್ನ ಕಾಲ ಬಳಿ ನಡುಗುತ್ತ ಕುಳಿತಿತ್ತು. ಮನೆ ತಲುಪಿದಾಗ ನಾನು ಮೊದಲ ತಪ್ಪು ಮಾಡಿದೆ. ನಮ್ಮ ತಾಯಿ ಹೊಸ ಬೆಕ್ಕು ತಂದಾಗಲೂ ಹೊಸ ನಾಯಿ ತಂದಾಗಲೂ ಅದನ್ನು ಅಡುಗೆಮನೆಗೆ ಒಯ್ದು ಒಲೆಗೆ ಮೂರು ಸುತ್ತು ತರುತ್ತಿದ್ದರು. ಹಾಗೆ ಮಾಡಿದರೆ ಪ್ರಾಣಿ ಮನೆ ಬಿಟ್ಟು ಓಡುವುದಿಲ್ಲ ಎಂದು ನಂಬಿಕೆ. ಜೂಲಿ ಬಂಟ್ವಾಳಕ್ಕೆ ಓಡಿಬಿಟ್ಟರೆ ಎಂಬ ಭಯ ನನಗಿತ್ತು. ಹೆದ್ದಾರಿ ದಾಟಬೇಕಲ್ಲ. ಹಾಗಾಗಿ ಎದುರಿನ ಬಾಗಿಲಿನಿಂದ ಒಳಗೆ ಕರೆದೊಯ್ದು, ಗ್ಯಾಸಿನ ಒಲೆ ಸುತ್ತಲು ಬಾರದ್ದರಿಂದ ಅಲ್ಲಿನ ಹಳೆಯ ಸೌದೆ ಒಲೆಯ ಸುತ್ತ ಮೂರು ಸುತ್ತು ನಡೆಸಿದೆ.

ಬೊಳ್ಳಿಗೆ ಅಡುಗೆಮನೆಯ ಹೊಸ್ತಿಲು ದಾಟಲು ಆರು ವರ್ಷಗಳಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ. ಅದು ಹೊಸ್ತಿಲ ಆಚೆ ನಿಂತು ನೋಡುತ್ತಿತ್ತು. ಬೊಗಳಲಿಲ್ಲ. ಮೂರನೆಯ ಸುತ್ತು ಮುಗಿಯುವಾಗ ಹೊಸ್ತಿಲು ದಾಟಿ ಬಂತು. ನಾನು ಮೊದಲು ಕೇಳಿದ್ದು ಪಾತ್ರೆ ಬಿದ್ದ ಸದ್ದು. ನಂತರದ್ದು ನಾಯಿಗಳ ಸದ್ದು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಂಥ ಸದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಗಂಡ ಬಕೆಟ್ ನೀರು ಎಸೆದು ಬಿಡಿಸಿದರು. ಜೂಲಿಯ ಕಿವಿ ಹರಿದಿತ್ತು.

"ಒಲೆಗೆ ಸುತ್ತು ತಂದದ್ದು ಸಾಕಾ, ದೇವರ ಕೋಣೆಗೂ ಕರ್ಕೊಂಡು ಹೋಗ್ಬೇಕಾ?" ಎಂದರು.

ಮರುದಿನ ಜೂಲಿಯನ್ನು ಮೂಡುಬಿದಿರೆಯ ಒಬ್ಬ ಪ್ರಾಣಿವೈದ್ಯರ ಬಳಿಗೆ ಒಯ್ದೆವು. ವಯಸ್ಸಾದವರು, ಮೆಲ್ಲಗೆ ಮಾತನಾಡುವವರು. ಕಿವಿಗೆ ಹೊಲಿಗೆ ಹಾಕುತ್ತ ನಡೆದದ್ದನ್ನೆಲ್ಲ ಕೇಳಿದರು. ಒಲೆಯ ವಿಷಯ ಬಂದಾಗ ಸೂಜಿ ನಿಲ್ಲಿಸಿದರು.

"ಅಕ್ಕ, ಸೊಸೆ ಬಂದ ದಿನ ಮಗಳ ಕೈಯಿಂದ ಬೀಗದ ಕೈ ಕಸಿದು ಸೊಸೆಗೆ ಕೊಟ್ಟ ಹಾಗೆ ಆಯ್ತು ಅದು."

"ಈಗ ಎಂತ ಮಾಡುದು ಡಾಕ್ಟ್ರೇ?"

ಅವರು ಹೇಳಿದ್ದನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಒಂದು ವಾರ ಒಂದರ ಕಣ್ಣಿಗೆ ಇನ್ನೊಂದು ಬೀಳಬಾರದು. ಆಮೇಲೆ ಮನೆಯ ಹೊರಗೆ, ಇಬ್ಬರದ್ದೂ ಅಲ್ಲದ ಜಾಗದಲ್ಲಿ, ಇಬ್ಬರು ಮನುಷ್ಯರು ಎರಡು ನಾಯಿಗಳನ್ನು ಒಂದೇ ದಿಕ್ಕಿಗೆ, ದೂರ ದೂರ ನಡೆಸಬೇಕು. ಎದುರುಬದುರು ತರಲೇಬಾರದು. ಊಟ, ನೀರು, ತಲೆ ಸವರುವುದು, ಎಲ್ಲ ಮೊದಲು ಬೊಳ್ಳಿಗೆ. ಹೊಸದು ಕಾಣಿಸಿದಾಗ ಬೊಳ್ಳಿಗೆ ರುಚಿಯಾದ ತುಂಡು ಸಿಗಬೇಕು, ಹೊಸದು ಮರೆಯಾದ ಕೂಡಲೇ ತುಂಡು ನಿಲ್ಲಬೇಕು. ಅದು ಬಂದರೆ ಒಳ್ಳೆಯದು ಬರುತ್ತದೆ ಎಂದು ಬೊಳ್ಳಿಗೆ ತಾನಾಗಿ ತಿಳಿಯಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ. ಜಗಳವಾದರೆ ಕೈ ಹಾಕಬಾರದು.

"ಎಷ್ಟು ದಿನ?"

"ನಿಮಗೆ ಅವಸರ ಉಂಟಾ?" ಎಂದರು.

ಇಲ್ಲ ಎಂದೆ. ನಿಜವಾಗಿ ಇತ್ತು. ನನ್ನ ಗಿರಾಕಿಗಳು ಅಂಗಳ ದಾಟಿ ಬರಬೇಕು. ಮದುವೆಯ ರವಿಕೆಗಳು ರಾಶಿ ಬಿದ್ದಿದ್ದವು.

ಅಂಗಳಕ್ಕೆ ಅಡ್ಡವಾಗಿ ಗಂಡ ತಂತಿ ಬಲೆ ಕಟ್ಟಿದರು. ಜೂಲಿಗೆ ಹಿಂದಿನ ಸೌದೆ ಕೊಟ್ಟಿಗೆ. ಬೊಳ್ಳಿಗೆ ಎದುರಿನ ಅಂಗಳ ಮತ್ತು ಹೊಲಿಗೆ ಕೋಣೆ. ಕಚ್ಚದಂತೆ ಬಾಯಿಗೆ ಹಾಕಲು ಬ್ಯಾಗಿನ ಕ್ಯಾನ್ವಾಸಿನಲ್ಲಿ ಎರಡು ಕುಕ್ಕೆ ಹೊಲಿದೆ, ಅಚ್ಚುಕಟ್ಟಾಗಿ ಬಂದಿತ್ತು. ಡಾಕ್ಟರು ನೋಡಿ, "ಹೊಲಿಗೆ ಒಳ್ಳೇದುಂಟು, ನಾಯಿ ಉಸಿರು ಕಟ್ಟಿ ಸಾಯ್ತದೆ" ಎಂದು ತಂತಿಯ ಕುಕ್ಕೆ ಕೊಡಿಸಿದರು. ನಾಯಿ ಬಾಯಿ ತೆರೆದು ಏದುಸಿರು ಬಿಡುವಷ್ಟು ಜಾಗ ಇರಬೇಕಂತೆ. ಅದನ್ನು ತೊಡಿಸಿದ ಮೂರು ದಿನ ಬೊಳ್ಳಿ ನನ್ನತ್ತ ನೋಡಲಿಲ್ಲ.

ಎರಡನೆಯ ವಾರದಿಂದ ಶಾಲೆಯ ಮೈದಾನದಲ್ಲಿ ಬೆಳಿಗ್ಗೆ ಬೇಗ ನಡೆಸತೊಡಗಿದೆವು. ಬೊಳ್ಳಿಯ ಹಗ್ಗ ನನ್ನ ಕೈಯಲ್ಲಿ, ಜೂಲಿಯದ್ದು ಗಂಡನ ಕೈಯಲ್ಲಿ. ಅಂದಾಜಿನಲ್ಲಿ ನನಗೆ ನಂಬಿಕೆ ಇಲ್ಲ. ಟೇಪಿನಿಂದ ಅಳೆದು ಇಪ್ಪತ್ತು ಅಡಿಗೆ ಎರಡು ಗೆರೆ ಎಳೆದುಕೊಂಡೆ. ಎರಡು ದಿನ ಇಪ್ಪತ್ತು. ಆಮೇಲೆ ಹದಿನೆಂಟು. ಬೇಯಿಸಿದ ಕೋಳಿ ಲಿವರಿನ ತುಂಡು ಚೀಲದಲ್ಲಿ. ಜೂಲಿಯತ್ತ ನೋಡಿ ಬೊಳ್ಳಿ ಸುಮ್ಮನಿದ್ದರೆ ಒಂದು ತುಂಡು.

"ನನಗೂ ಒಂದು ತುಂಡು ಕೊಡು ಮಾರಾಯ್ತಿ, ನಾನೂ ಸುಮ್ಮನೇ ಇದ್ದೇನಲ್ಲ" ಎಂದರು ಗಂಡ.

ನಗು ಬರಲಿಲ್ಲ. ಬೊಳ್ಳಿಯ ಬೆನ್ನಿನ ಕೂದಲು ನಿಂತಿದೆಯೇ, ಬಾಲ ಬಿಗಿದಿದೆಯೇ, ತುಟಿಯ ಮೂಲೆ ಕದಲಿತೇ ಎಂದು ನೋಡುತ್ತಲೇ ಇದ್ದೆ. ಮನೆಯಲ್ಲೂ ಅಷ್ಟೇ. ಹೊಲಿಯುತ್ತಿರುವಾಗ ತಂತಿ ಬಲೆ ಕಿರ್ ಎಂದರೆ ಕೈ ನಿಲ್ಲುತ್ತಿತ್ತು. ಬೊಳ್ಳಿ ನಿದ್ದೆಯಲ್ಲಿ ಗೊರಕೆ ಹೊಡೆದರೂ ಗುರುಗುಟ್ಟಿದಂತೆ ಕೇಳಿ ಬಗ್ಗಿ ನೋಡುತ್ತಿದ್ದೆ. ಒಂದು ತೋಳನ್ನು ತಿರುಗುಮುರುಗಾಗಿ ಜೋಡಿಸಿದೆ. ಅಂಥ ತಪ್ಪು ನಾನು ಮಾಡಿದ್ದು ಕಲಿಯುವ ಕಾಲದಲ್ಲಿ.

ಒಬ್ಬ ಗಿರಾಕಿ, ನಿವೃತ್ತ ಟೀಚರ್, ಗೇಟಿನ ಹೊರಗೇ ನಿಂತರು.

"ನಾನು ಒಳಗೆ ಬರುದಿಲ್ಲ. ನನ್ನ ಅಳತೆ ಇಲ್ಲೇ ತೆಗಿ."

"ರಸ್ತೆಯಲ್ಲಾ ಟೀಚರ್?"

"ಈ ಪ್ರಾಯದಲ್ಲಿ ನನ್ನನ್ನು ಯಾರು ನೋಡ್ತಾರೆ? ಕಚ್ಚಿದ್ರೆ ಮಾತ್ರ ಎಲ್ಲರೂ ನೋಡ್ತಾರೆ."

ಗೇಟಿನ ಬಳಿ ನಿಂತು ಅವರ ಅಳತೆ ತೆಗೆದೆ. ಅವರ ನಂತರ ಇನ್ನಿಬ್ಬರು ಬಟ್ಟೆ ವಾಪಸು ಕೇಳಿದರು.

ಮೈದಾನದಲ್ಲಿ ಮಾತ್ರ ಕೆಲಸ ಸಾಗುತ್ತಿತ್ತು. ನಾಲ್ಕನೆಯ ವಾರ ಆರು ಅಡಿಗೆ ಬಂದೆವು. ಎರಡೂ ನಾಯಿಗಳು ಒಂದೇ ಪೊದೆಯನ್ನು ಒಂದಾದ ಮೇಲೊಂದು ಮೂಸಿದವು. ಹಗ್ಗ ಸಡಿಲವಿತ್ತು. ಡಾಕ್ಟರಿಗೆ ಫೋನ್ ಮಾಡಿದೆ. ಇನ್ನು ಮನೆಯ ಅಂಗಳದಲ್ಲಿ ಪ್ರಯತ್ನಿಸಿ, ಕುಕ್ಕೆ ಹಾಕಿಯೇ, ಹಗ್ಗ ಹಿಡಿದೇ ಎಂದರು.

ಅಂಗಳದಲ್ಲಿ ಹತ್ತು ಅಡಿ ದೂರದಲ್ಲೇ ಜೂಲಿ ಬೇರೆಯೇ ನಾಯಿಯಾಯಿತು. ಮೈದಾನದಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದದ್ದು ಇಲ್ಲಿ ಹಗ್ಗ ಜಗ್ಗಿ ಹೊಲಿಗೆ ಕೋಣೆಯ ಬಾಗಿಲಿನತ್ತ ನುಗ್ಗಿತು. ಬೊಳ್ಳಿ ಬಾಗಿಲಿಗೆ ಅಡ್ಡ ನಿಂತು ಎರಗಿತು. ಕುಕ್ಕೆಗಳು ಒಂದಕ್ಕೊಂದು ಬಡಿದ ಸದ್ದು. ಎಳೆದು ಬಿಡಿಸಿದೆವು. ಮೂರು ದಿನ ಬಿಟ್ಟು ಮತ್ತೆ ಪ್ರಯತ್ನಿಸಿದೆವು. ಮತ್ತೆ ಅದೇ.

ಮೂರನೆಯ ಸಲ ನಡೆದದ್ದು ನನ್ನ ಅಜಾಗರೂಕತೆಯಿಂದ. ಬೊಳ್ಳಿ ಕುಕ್ಕೆ ಇಲ್ಲದೆ ಯಂತ್ರದ ಕೆಳಗೆ ಮಲಗಿತ್ತು. ನಾನು ಜೂಲಿಗೆ ಗಂಜಿ ಇಟ್ಟು ಬಂದವಳು ತಂತಿ ಬಲೆಯ ಕೊಂಡಿ ಸರಿಯಾಗಿ ಹಾಕಿರಲಿಲ್ಲ. ಕುಳಿತು ಎರಡು ಗೇಣು ಹೊಲಿಗೆ ಹಾಕಿದ್ದೆನೋ ಇಲ್ಲವೋ, ಬಾಗಿಲಲ್ಲಿ ಜೂಲಿ. ಅದು ಬೊಳ್ಳಿಯನ್ನು ನೋಡಲೇ ಇಲ್ಲ. ನೇರ ನನ್ನ ಕಾಲಿನ ಕಡೆಗೆ, ಯಂತ್ರದ ಅಡಿಗೆ ನುಗ್ಗಿತು. ಬೊಳ್ಳಿ ಅದರ ಕುತ್ತಿಗೆ ಹಿಡಿಯಿತು. ನನ್ನ ಎರಡು ಕಾಲುಗಳ ನಡುವೆ, ಪೆಡಲಿನ ಕಬ್ಬಿಣಕ್ಕೆ ಬಡಿಯುತ್ತ, ಎರಡೂ ಒಂದಾಗಿ ಹೊರಳುತ್ತಿದ್ದವು. ನನಗೆ ಏಳಲು ಆಗಲಿಲ್ಲ. ಕಿರುಚಿದೆನೇ ಎಂದು ನೆನಪಿಲ್ಲ. ಕೈ ಹಾಕಬಾರದು ಎಂದು ಬರೆದುಕೊಂಡವಳು ಕೈ ಹಾಕಿದೆ.

ಎಡಗೈ ಹೆಬ್ಬೆರಳ ಬುಡದಲ್ಲಿ ಹಲ್ಲು ಇಳಿಯಿತು. ಯಾವುದರ ಹಲ್ಲೆಂದು ಇಂದಿಗೂ ಗೊತ್ತಿಲ್ಲ. ಗಂಡ ಓಡಿ ಬಂದು ಬೊಳ್ಳಿಯ ಹಿಂಗಾಲುಗಳನ್ನು ಎತ್ತಿ ಹಿಂದಕ್ಕೆ ಎಳೆದರು. ಹಾಗೆ ಮಾಡಿದರೆ ಹಿಡಿತ ಸಡಿಲುತ್ತದೆ ಎಂದು ಡಾಕ್ಟರು ತೋರಿಸಿಕೊಟ್ಟಿದ್ದರು. ಜೂಲಿಯನ್ನು ಕೊಟ್ಟಿಗೆಗೆ ಹಾಕಿ ಬಂದು ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ ಕಾಲು ಗಂಟೆ ಸಾಬೂನು ಹಾಕಿ ತೊಳೆಸಿದರು. ನೀರು ಕೆಂಪಗೆ ಹೋಗುತ್ತಲೇ ಇತ್ತು. ಬಟ್ಟೆ ಹಿಡಿಯುವ ಬೆರಳು ಅದು. ಬಲಗೈ ಕತ್ತರಿಸುತ್ತದೆ, ಎಡಗೈ ಹಿಡಿದುಕೊಳ್ಳಬೇಕು. ಬೆರಳು ಮಡಚಲು ಬರುತ್ತದೋ ಎಂದು ನೋಡುವ ಧೈರ್ಯ ಬೆಳ್ತಂಗಡಿಯ ಆಸ್ಪತ್ರೆ ತಲುಪುವವರೆಗೂ ಬರಲಿಲ್ಲ.

ಎರಡೂ ನಾಯಿಗಳಿಗೆ ಲಸಿಕೆ ಆಗಿತ್ತು. ಆದರೂ ನನಗೆ ಹುಚ್ಚುನಾಯಿಯ ಚುಚ್ಚುಮದ್ದು ಶುರು ಮಾಡಿದರು. ಮರಳುವಾಗ ರಿಕ್ಷಾ ಓಡಿಸುತ್ತ ಗಂಡ ಮಾತು ತೆಗೆದರು.

"ಬಿ.ಸಿ.ರೋಡಿನಲ್ಲಿ ನನ್ನ ಗುರ್ತದವರದ್ದು ಒಂದು ಗೋದಾಮು ಉಂಟು" ಎಂದರು. "ಕಾವಲಿಗೆ ನಾಯಿ ಬೇಕಂತೆ. ಎರಡು ಹೊತ್ತು ಊಟ ಕೊಡ್ತಾರೆ."

"ಕಟ್ಟಿ ಹಾಕ್ತಾರಾ?"

"ಹೆದ್ದಾರಿ ಬದಿ ಅಲ್ವಾ. ಸರಪಳಿ ಹಾಕದೆ ಆಗುದಿಲ್ಲ."

ತಂಗಿ ಜೂಲಿಯನ್ನು ಒಂದು ದಿನವೂ ಕಟ್ಟಿ ಹಾಕಿದವಳಲ್ಲ.

"ನೋಡು, ಅವಳ ಮೇಲಿನ ಪ್ರೀತಿಗೆ ನಾನು ಇಷ್ಟು ದಿನ ಎಂತ ಹೇಳ್ಲಿಲ್ಲ. ಇವತ್ತು ಕೈ. ನಾಳೆ ಯಾರದ್ದಾದ್ರೂ ಮಗುವಿನ ಮುಖ ಆದ್ರೆ? ಬರುವ ಭಾನುವಾರ ಬಿಟ್ಟು ಬರುವ."

"ಆಯ್ತು" ಎಂದೆ. ಅವರು ಹೇಳಿದ್ದು ಸರಿಯಿತ್ತು. ಆ ದಿನ ಮಂಗಳವಾರ.

ಅಂದು ಸಂಜೆ ತಂಗಿಯ ಗಂಡ ಫೋನ್ ಮಾಡಿ "ಜೂಲಿ ಹೇಗುಂಟು ಅಕ್ಕ?" ಎಂದು ಕೇಳಿದರು. ಬ್ಯಾಂಡೇಜು ಕಟ್ಟಿದ ಕೈಯಲ್ಲೇ ಫೋನ್ ಹಿಡಿದುಕೊಂಡು "ಉಷಾರುಂಟು" ಎಂದೆ.

ಬುಧವಾರ ಡಾಕ್ಟರಿಗೆ ಫೋನ್ ಮಾಡಿದೆ. ಬಿಟ್ಟುಕೊಡುತ್ತೇವೆ ಎಂದು ಹೇಳುವುದಕ್ಕೇ ಮಾಡಿದ್ದು. ಅವರು, "ಮೈದಾನದಲ್ಲಿ ಆರು ಅಡಿಯಲ್ಲಿ ಸರಿ ಇತ್ತಲ್ಲ?" ಎಂದರು.

"ಸರಿ ಇತ್ತು."

"ಹಾಗಾದ್ರೆ ಬೊಳ್ಳಿಗೆ ಆ ನಾಯಿ ಬೇಡ ಅಂತ ಅಲ್ಲ. ಆ ಜಾಗದಲ್ಲಿ ಬೇಡ. ಎಲ್ಲೆಲ್ಲಿ ಜಗಳ ಆಯ್ತು, ಯಾವುದು ಮೊದಲು ಕದಲಿತು, ಒಂದು ನಕ್ಷೆ ಮಾಡಿ ನೋಡಿ. ನೀವು ಟೈಲರ್ ಅಲ್ವಾ, ನಿಮಗೆ ಕಷ್ಟ ಇಲ್ಲ."

ಮಾದರಿ ಕತ್ತರಿಸುವ ಖಾಕಿ ಕಾಗದ ಹಾಸಿ, ಒಂದು ಇಂಚಿಗೆ ಒಂದು ಅಡಿಯಂತೆ ಅಂಗಳ, ಬಾಗಿಲು, ಯಂತ್ರ, ಹಲಗೆ ಬರೆದೆ. ಅಡುಗೆಮನೆಯದ್ದನ್ನು ಬಿಟ್ಟು ಉಳಿದ ಮೂರೂ ಜಗಳಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಜೂಲಿ ಎಲ್ಲಿಂದ ಹೊರಟಿತು, ಯಾವ ಕಡೆಗೆ ಮೂತಿ ಇತ್ತು ಎಂದು ಸ್ಕೇಲು ಇಟ್ಟು ಗೆರೆ ಎಳೆದೆ. ಮೂರು ಗೆರೆಗಳೂ ಬೊಳ್ಳಿಯಲ್ಲಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬೊಳ್ಳಿಯನ್ನು ದಾಟಿ, ಯಂತ್ರವನ್ನು ದಾಟಿ, ಹಿಂದಿನ ತಗ್ಗು ಹಲಗೆಯ ಮೇಲೆ ಕೂಡಿದವು.

ನನಗೆ ಅರ್ಥವಾಯಿತು. ಆದರೂ ಪರೀಕ್ಷಿಸದೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಬೊಳ್ಳಿಯನ್ನು ಗಂಡನ ಜೊತೆ ರಿಕ್ಷಾದಲ್ಲಿ ಪೇಟೆಗೆ ಕಳಿಸಿ, ಗಿರಾಕಿಗಳ ಚೀಲಗಳನ್ನೆಲ್ಲ ಅಂಗಳಕ್ಕೆ ತಂದು ಮೂರು ಮೂರು ಅಡಿ ದೂರಕ್ಕೆ ಸಾಲಾಗಿ ಇಟ್ಟೆ. ಹದಿನಾಲ್ಕು ಚೀಲ. ಜೂಲಿಯನ್ನು ಹಗ್ಗ ಹಿಡಿದು ನಡೆಸಿದೆ. ಐದು ಚೀಲಗಳನ್ನು ದಾಟಿತು. ಆರನೆಯದು ತಂಗಿಯದ್ದು, ಅದರ ಮುಂದೆ ನಿಂತಿತು. ಮೂತಿಯಿಂದ ಅದನ್ನು ತೆರೆದು, ಒಳಗೆ ತಲೆ ಇಟ್ಟು, ಮಲಗಿತು. ಸದ್ದು ಮಾಡಲಿಲ್ಲ. ಕಣ್ಣು ಮುಚ್ಚಿತು.

ನಾನು ಒಂದೂವರೆ ತಿಂಗಳಿನಿಂದ ಎರಡು ನಾಯಿಗಳ ನಡುವಿನ ದೂರ ಅಳೆಯುತ್ತಿದ್ದೆ. ಬೊಳ್ಳಿ ತನ್ನ ಜಾಗಕ್ಕಾಗಿ ಜಗಳವಾಡುತ್ತಿತ್ತು. ಜೂಲಿ ಜಗಳಕ್ಕೆ ಬರುತ್ತಲೇ ಇರಲಿಲ್ಲ. ಅದು ತಂಗಿಯನ್ನು ಹುಡುಕಿಕೊಂಡು ಬರುತ್ತಿತ್ತು. ತಂಗಿಯನ್ನು ಬೊಳ್ಳಿಯ ಬೆನ್ನ ಹಿಂದೆ ಅಡಗಿಸಿಟ್ಟವಳು ನಾನು.

ಡಾಕ್ಟರಿಗೆ ಮತ್ತೆ ಫೋನ್ ಮಾಡಿದೆ. ಆ ರವಿಕೆಯನ್ನು ಜೂಲಿಗೆ ಕೊಟ್ಟು ಕೊಟ್ಟಿಗೆಯಲ್ಲಿ ಇಡಬಹುದೇ ಎಂದು ಕೇಳಿದೆ.

"ಕೊಟ್ರೆ ಅದನ್ನು ಕಾಯ್ಲಿಕ್ಕೆ ಶುರು ಮಾಡ್ತದೆ. ಕಾಯುವ ವಸ್ತು ಮನೆಯಲ್ಲಿ ಇರುವಷ್ಟು ದಿನ ಜಗಳ ನಿಲ್ಲುದಿಲ್ಲ ಅಕ್ಕ."

"ಕಪಾಟಿನಲ್ಲಿ ಬೀಗ ಹಾಕಿಟ್ರೆ?"

"ನಾಯಿಗೆ ಬೀಗ ಎಂತ?" ಎಂದರು. ಆಮೇಲೆ ಧ್ವನಿ ತಗ್ಗಿಸಿ, "ನಿಮಗೆ ಕಷ್ಟ ಅಂತ ಗೊತ್ತುಂಟು" ಎಂದರು.

ಅಂದು ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ಬೊಜ್ಜದ ದಿನ ಇಲ್ಲ ಎಂದು ಹೇಳಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. "ಒಂದು ಮಾತು ನನಗೆ ಹೇಳ್ಬಹುದಿತ್ತಲ್ಲ" ಎಂದರು. ಆಮೇಲೆ, "ಭಾನುವಾರ ಬೇಡ ಅಂತ ಗೋದಾಮಿನವರಿಗೆ ಹೇಳ್ತೇನೆ. ಒಂದು ತಿಂಗಳು ನೋಡುವ. ಆಮೇಲೂ ಆಗದಿದ್ರೆ ನೀನು ಹಟ ಮಾಡ್ಬಾರ್ದು" ಎಂದರು.

ಗುರುವಾರ ಬೆಳಿಗ್ಗೆ ಬಚ್ಚಲಿನ ಒಲೆ ಉರಿಸಿದೆ. ರವಿಕೆ ನಾನೇ ಹೊಲಿದದ್ದು, ನಾಲ್ಕು ವರ್ಷ ಹಳೆಯದು. ಕಂಕುಳಲ್ಲಿ ಎರಡು ಸಲ ಬಿಚ್ಚಿ ಸಡಿಲಿಸಿದ ಗುರುತು ಇತ್ತು. ಸುಡುವ ಮೊದಲು ಹುಕ್ಕುಗಳನ್ನು ಕತ್ತರಿಸಿ ತೆಗೆದೆ. ಹಳೆಯ ಬಟ್ಟೆಯಿಂದ ಹುಕ್ಕು ತೆಗೆದಿಡುವುದು ನಮ್ಮ ಅಭ್ಯಾಸ. ತೆಗೆದ ಮೇಲೆ ಅವುಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವನ್ನೂ ಒಲೆಗೆ ಹಾಕಿದೆ. ಮೂಸಿ ನೋಡಲಿಲ್ಲ. ನೋಡಿದರೆ ಹಾಕಲು ಆಗುವುದಿಲ್ಲ ಎಂದು ಗೊತ್ತಿತ್ತು. ಕೊಟ್ಟಿಗೆಯಿಂದ ಜೂಲಿ ಊಳಿಡತೊಡಗಿತು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಬೆಂಕಿ ಆರುವವರೆಗೆ ಒಳಗೇ ಕುಳಿತೆ.

ಆ ಮೇಲೆ ಹಲಗೆಯನ್ನು, ನೆಲವನ್ನು ಫಿನಾಯಿಲ್ ಹಾಕಿ ಉಜ್ಜಿದೆ. ಚೀಲಗಳನ್ನೆಲ್ಲ ಗೋಡೆಯ ಮೊಳೆಗೆ ಎತ್ತರದಲ್ಲಿ ನೇತುಹಾಕಿದೆ. ಮೈದಾನದಲ್ಲಿ ಮತ್ತೆ ಇಪ್ಪತ್ತು ಅಡಿಯಿಂದ ಶುರು ಮಾಡಿದೆವು.

ಮೂರನೆಯ ವಾರದ ಕೊನೆಗೆ ಡಾಕ್ಟರು, "ಈಗ ಜೂಲಿಯನ್ನು ಒಮ್ಮೆ ಹೊಲಿಗೆ ಕೋಣೆಯ ಒಳಗೆ ಬಿಡಿ. ಬೊಳ್ಳಿ ನೋಡಲಿ" ಎಂದರು. ಅದನ್ನು ನಾನು ನಾಲ್ಕು ದಿನ ಮುಂದೂಡಿದೆ. ಏನಾದರೂ ನೆಪ. ಒಂದು ದಿನ ಕೈ ನೋವು ಎಂದೆ, ಒಂದು ದಿನ ಗಿರಾಕಿ ಬರುತ್ತಾರೆ ಎಂದೆ. ಗಂಡ ಐದನೆಯ ದಿನ ರಿಕ್ಷಾ ತೆಗೆಯದೆ ಬಾಗಿಲಲ್ಲಿ ಕುಳಿತರು.

"ಇವತ್ತು ನಾನು ಎಲ್ಲಿಗೂ ಹೋಗುದಿಲ್ಲ. ಶುರು ಮಾಡುವ."

ಎರಡಕ್ಕೂ ಕುಕ್ಕೆ. ಗಂಡನ ಪಕ್ಕದಲ್ಲಿ ಒಂದು ಬಕೆಟ್ ನೀರು, ಒಂದು ಒದ್ದೆ ಗೋಣಿ. ಬೊಳ್ಳಿಯ ಹಗ್ಗ ನನ್ನ ಬಲಗೈಯಲ್ಲಿ ಎರಡು ಸುತ್ತು. ಜೂಲಿ ಒಳಗೆ ಬಂತು. ನೇರ ಹಲಗೆಯ ಬಳಿಗೆ ಹೋಯಿತು. ಮೂಸಿತು. ಮೂಲೆ ಮೂಸಿತು, ಪೆಡಲು ಮೂಸಿತು, ಮತ್ತೆ ಹಲಗೆಗೆ ಬಂತು. ಬೊಳ್ಳಿಯ ಗಂಟಲಿನಿಂದ ಸದ್ದು ಹೊರಟಿತು. ಲಿವರಿನ ತುಂಡು ಕೊಡಬೇಕು ಎಂಬುದೂ ಮರೆತುಹೋಯಿತು.

ಜೂಲಿ ಅಲ್ಲಿ ಏನೂ ಸಿಗದೆ ಹಿಂದಿರುಗಿತು. ಬಾಗಿಲಲ್ಲಿ ಗಂಡನನ್ನು ದಾಟಿ ಹೊರಗೆ ಹೋಗಿ ಅಂಗಳದ ನಡುವೆ ಕುಳಿತು ಊಳಿಟ್ಟಿತು. ಒಮ್ಮೆ, ಆಮೇಲೆ ಇನ್ನೊಮ್ಮೆ.

ಬೊಳ್ಳಿ ಎದ್ದಿತು. ಹಗ್ಗ ಬಿಗಿಯಾಯಿತು. "ಬಿಡ್ಬೇಡ" ಎಂದರು ಗಂಡ. ನಾನು ಬಿಡಲಿಲ್ಲ, ಅದರ ಹಿಂದೆಯೇ ಹೋದೆ. ಬೊಳ್ಳಿ ಮೆಲ್ಲಗೆ, ನೇರವಾಗಿ ಅಲ್ಲ, ಒಂದು ಬದಿಯಿಂದ ಬಳಸಿ ಹೋಗಿ ಜೂಲಿಯಿಂದ ನಾಲ್ಕು ಅಡಿ ದೂರದಲ್ಲಿ ನಿಂತಿತು. ಮುಖವನ್ನು ಬೇರೆ ಕಡೆಗೆ ತಿರುಗಿಸಿಕೊಂಡಿತು. ಹಾಗೆಯೇ ಕುಳಿತಿತು. ನಾಯಿ ಮುಖ ತಿರುಗಿಸಿದರೆ ಜಗಳ ಬೇಡ ಎಂದರ್ಥ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ನಾನು ನಂಬಲಿಲ್ಲ. ಗಂಡ ಗೋಣಿ ಹಿಡಿದೇ ನಿಂತಿದ್ದರು. ಹಾಗೆ ಎಷ್ಟು ಹೊತ್ತು ನಿಂತೆವೋ. ರಸ್ತೆಯಲ್ಲಿ ಮೀನಿನವನ ಸ್ಕೂಟರ್ ಹಾರ್ನ್ ಹಾಕಿದಾಗ ಬೊಳ್ಳಿ ಬೊಗಳುತ್ತ ಗೇಟಿಗೆ ಎಳೆಯಿತು. ಜೂಲಿ ಊಳಿಡುವುದನ್ನು ನಿಲ್ಲಿಸಿ, ಎದ್ದು, ಬೊಳ್ಳಿಯ ಹಿಂದೆ ಹೋಯಿತು.

ಕುಕ್ಕೆ ತೆಗೆಯಲು ಇನ್ನೂ ಎರಡು ವಾರ ಹಿಡಿಯಿತು. ತೆಗೆದ ದಿನ ನಾನು ಉಸಿರು ಹಿಡಿದು ನಿಂತದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ.

ಈಗ ಎರಡೂ ಒಂದೇ ಅಂಗಳದಲ್ಲಿವೆ. ಊಟದ ಪಾತ್ರೆಗಳ ನಡುವೆ ಇನ್ನೂ ಐದು ಅಡಿ ಬಿಡುತ್ತೇನೆ, ಮೊದಲು ಬಡಿಸುವುದು ಬೊಳ್ಳಿಗೆ. ಯಂತ್ರದ ಕೆಳಗಿನ ಜಾಗಕ್ಕೆ ಜೂಲಿ ಬರುವುದಿಲ್ಲ, ಬಾಗಿಲಲ್ಲಿ ಮಲಗುತ್ತದೆ. ಬೊಳ್ಳಿ ಎದ್ದರೆ ಅದೂ ಏಳುತ್ತದೆ. ಬೊಳ್ಳಿ ಗೇಟಿಗೆ ಹೋದರೆ ಗೇಟಿಗೆ, ಬಾವಿ ಕಟ್ಟೆಗೆ ಹೋದರೆ ಬಾವಿ ಕಟ್ಟೆಗೆ. ಟೀಚರ್ ಒಳಗೆ ಬಂದು ಕುರ್ಚಿಯಲ್ಲಿ ಕುಳಿತು, "ಇವೆರಡೂ ಅಕ್ಕತಂಗಿಯರಾ?" ಎಂದು ಕೇಳಿದರು. ನಾನು ಬಟ್ಟೆ ಕತ್ತರಿಸುತ್ತಿದ್ದೆ.

ನನ್ನ ಹೆಬ್ಬೆರಳು ಮಡಚುತ್ತದೆ, ತುದಿಯಲ್ಲಿ ಸ್ಪರ್ಶ ಕಡಿಮೆ.

ಮೊನ್ನೆ ತಂಗಿಯ ಗಂಡನಿಗೆ ಫೋನಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ರವಿಕೆಯ ವಿಷಯವನ್ನೂ ಹೇಳಿದೆ. ಕೊನೆಗೆ ಒಂದು ಮಾತು ಕೇಳಿದೆ.

"ಜೂಲಿ ನಾನು ಕರೆದ್ರೆ ಬರುದೇ ಇಲ್ಲ. ಹೆಸರು ಹಿಡಿದು ಕರೀತೇನೆ, ತಿರುಗಿಯೂ ನೋಡುದಿಲ್ಲ. ಅವಳು ಹೇಗೆ ಕರೀತಿದ್ಳು?"

"ಹೆಸರು ಹಿಡಿದು ಅವಳು ಕರೀತಿರ್ಲಿಲ್ಲ ಅಕ್ಕ" ಎಂದರು. "ನಾಲಿಗೆಯಲ್ಲಿ ಎಂತದೋ ಒಂದು ಶಬ್ದ ಮಾಡ್ತಾ ಇದ್ಳು. ನಂಗೆ ಬರುದಿಲ್ಲ ಅದು."

ಅವರು ಫೋನಿನಲ್ಲೇ ಎರಡು ಸಲ ಮಾಡಿ ನೋಡಿದರು. "ಅಲ್ಲ, ಹೀಗಲ್ಲ" ಎಂದರು.

ಜೂಲಿ ಬೊಳ್ಳಿಯ ಹಿಂದೆ ಹೋಗುತ್ತದೆ, ಊಟಕ್ಕೆ ಬರುತ್ತದೆ, ಗಂಡನ ರಿಕ್ಷಾ ಬಂದರೆ ಬಾಲ ಆಡಿಸುತ್ತದೆ. ನಾನು ಕರೆದರೆ ಬರುವುದಿಲ್ಲ. ಆ ಶಬ್ದ ನನಗೆ ಗೊತ್ತಿಲ್ಲ.